ಹಿಡಿಯದ ಬ್ರೇಕು

ನಾನು ಬಸ್ ಡ್ರೈವರ್. ಇಪ್ಪತ್ತಾರು ವರ್ಷದಲ್ಲಿ ಒಂದು ನಾಯಿಗೂ ಗುದ್ದಿಲ್ಲ ಎಂದು ಕಂಡಕಂಡವರ ಮುಂದೆ ಕೊಚ್ಚಿಕೊಳ್ಳುವವನು. ಪಿತ್ತಕೋಶದ ಕಲ್ಲು ತೆಗೆಸಿಕೊಳ್ಳಲು ಆಪರೇಷನ್ ಟೇಬಲ್ ಮೇಲೆ ಮಲಗಿದಾಗ ಮಾತ್ರ ನನ್ನ ಕೈಕಾಲು ತಣ್ಣಗಾದವು. ಕಾರಣ, ಹಿಂದಿನ ದಿನ ಹೇಳಿದ ಒಂದು ಸುಳ್ಳು.

ಆ ದಿನ ಅರಿವಳಿಕೆ ಡಾಕ್ಟರು ವಾರ್ಡಿಗೆ ಬಂದಿದ್ದರು. ಕನ್ನಡಕವನ್ನು ಹಣೆಗೇರಿಸಿಕೊಂಡ, ನನ್ನ ತಂಗಿಯ ವಯಸ್ಸಿನ ಹೆಂಗಸು.

"ಮಿದುಳಿಗೂ ಬ್ರೇಕ್ ಇದೆ, ಡ್ರೈವರ್ ಸಾಹೇಬ್ರೇ. ನರಗಳು ಸುಮ್ಮನಿರಲಿ ಅಂತ ಮಿದುಳು ತಾನೇ ಒಂದು ರಸ ಬಿಡುತ್ತೆ. ನಮ್ಮ ಔಷಧಿ ಆ ರಸದ ಕೈ ಬಲ ಮಾಡುತ್ತೆ. ಮೆಲ್ಲಗೆ ಒತ್ತಿದ್ರೂ ಬ್ರೇಕ್ ಗಟ್ಟಿಯಾಗಿ ಹಿಡಿಯುತ್ತೆ. ನಿದ್ದೆ ಮಾತ್ರೆ ಒತ್ತೋದೂ ಅದೇ ಬ್ರೇಕನ್ನ. ದಿನಾ ತಗೊಂಡ್ರೆ ಸವೆದು ಹೋಗುತ್ತೆ, ಮಾಮೂಲಿ ಡೋಸ್ ಸಾಲಲ್ಲ. ನೀವೇನಾದ್ರೂ ತಗೋತೀರಾ?"

"ಇವ್ರಾ? ದಿಂಬು ಕಂಡ್ರೆ ಸಾಕು, ಗೊರಕೆ ಶುರು," ಎಂದು ನನ್ನ ಹೆಂಡತಿ ನಕ್ಕಳು.

"ಏನೂ ಇಲ್ಲ," ಎಂದೆ ನಾನು.

ಬೆಳಗಿನ ಐದರ ಪಾಳಿ ನನ್ನ ನಿದ್ದೆಯನ್ನು ಹಾಳುಮಾಡಿ ಆರು ವರ್ಷವಾಗಿತ್ತು. ಅಂದಿನಿಂದ ದಿನಕ್ಕೆರಡು ನಿದ್ದೆ ಮಾತ್ರೆ. ಆಸ್ಪತ್ರೆಯ ಫೈಲಿನ ನಕಲು ಡಿಪೋಗೆ ಹೋಗುತ್ತದೆ. ಮಾತ್ರೆಯ ಹೆಸರು ಕಂಡರೆ ಸ್ಟೀರಿಂಗ್ ಬಿಡಿಸಿ ಮೂಲೆಗೆ ಕೂರಿಸುತ್ತಾರೆ. ಹೆಂಡತಿಗೂ ಹೇಳಿರಲಿಲ್ಲ, ಅವಳ ಬಾಯಲ್ಲಿ ಗುಟ್ಟು ನಿಲ್ಲುವುದಿಲ್ಲ.

ಟೇಬಲ್ ಮೇಲೆ ಡಾಕ್ಟರು ಕೈಗೆ ಮೊದಲ ಇಂಜೆಕ್ಷನ್ ಕೊಟ್ಟು, "ಇದು ಬರೀ ಧೈರ್ಯಕ್ಕೆ. ಎರಡು ನಿಮಿಷದಲ್ಲಿ ಕಣ್ಣು ಎಳೆಯುತ್ತೆ. ನಿಜವಾದ ಔಷಧಿ ಆಮೇಲೆ," ಎಂದರು.

ಎರಡು ನಿಮಿಷ ಕಳೆಯಿತು. ಕಣ್ಣು ಎಳೆಯಲಿಲ್ಲ. ಟ್ರೇಯಲ್ಲಿ ಕತ್ತರಿಗಳನ್ನು ಜೋಡಿಸುವ ಸದ್ದು ಒಂದೊಂದೂ ಕಿವಿಗೆ ಬೀಳುತ್ತಿತ್ತು.

ಆಗ ನಾನು ಮಾಡಿದ್ದನ್ನು ಎಂಥ ಪೆದ್ದನೂ ಮಾಡಲಾರ. ಎಚ್ಚರವಿರುವುದು ಕಂಡರೆ ಮಾತ್ರೆಯ ಗುಟ್ಟು ಬಯಲಾಗುತ್ತದೆಂದು ಕಣ್ಣು ಮುಚ್ಚಿ ಸಣ್ಣಗೆ ಗೊರಕೆ ಹೊಡೆದೆ.

"ಇವ್ರು ಆಗ್ಲೇ ಜಾರಿದ್ರು," ಎಂದಳು ನರ್ಸ್.

"ಒಳ್ಳೇದಾಯ್ತು. ಮಾಮೂಲಿ ಡೋಸೇ ಸಾಕು," ಎಂದರು ಡಾಕ್ಟರು.

ಭಯ ಅಂದರೆ ಏನೆಂದು ನನಗೆ ಗೊತ್ತಾದದ್ದು ಆಗಲೇ. ಹೊಟ್ಟೆಯೊಳಗೆ ಕತ್ತರಿ ಆಡುತ್ತಿರುವಾಗ ಎಚ್ಚರವಾಗಿ, ಕೂಗಲು ನಾಲಿಗೆ ಏಳದೆ, ಒಂದು ಬೆರಳೂ ಅಲುಗದೆ ಮಲಗಿರುವುದು ಕಣ್ಣಿಗೆ ಕಟ್ಟಿತು. ಮುಖದ ಮೇಲೆ ಮಾಸ್ಕ್ ಇಳಿಯಿತು.

"ನಿಲ್ಸೀಮ್ಮಾ!" ಎಂದು ಅರಚಿದೆ. "ಸುಳ್ಳು ಹೇಳ್ದೆ. ಮಾತ್ರೆ ತಗೋತೀನಿ. ದಿನಾ ಎರಡು. ಆರು ವರ್ಷದಿಂದ."

ಡಾಕ್ಟರು ಬಯ್ಯಲಿಲ್ಲ. ಮಾತ್ರೆಯ ಹೆಸರು ಕೇಳಿ ಪೆನ್ನು ಎತ್ತಿಕೊಂಡರು. "ಫೈಲಲ್ಲಿ ಬರೀಲೇಬೇಕು."

"ಬರೀರಿ. ಕೆಲಸ ಹೋದ್ರೆ ಹಾಳಾಗಿ ಹೋಗ್ಲಿ, ಜೀವ ಉಳಿದ್ರೆ ಸಾಕು."

"ಎಷ್ಟು ಹೊತ್ತಿಗೆ ನುಂಗ್ತಿದ್ರಿ?"

"ರಾತ್ರಿ ಹನ್ನೊಂದಕ್ಕೆ."

"ಬಸ್ ಎತ್ತೋದು?"

"ಐದಕ್ಕೆ."

ಪೆನ್ನು ನಿಂತಿತು. "ಅಷ್ಟರಲ್ಲಿ ಅದರ ಹಿಡಿತ ಬಿಟ್ಟಿರಲ್ಲ. ಅಭ್ಯಾಸ ಆಗಿ ನಿಮಗೆ ಗೊತ್ತಾಗ್ತಿರ್ಲಿಲ್ಲ, ಅಷ್ಟೆ. ಬಸ್ಸಲ್ಲಿ ಎಷ್ಟು ಜನ ಇರ್ತಿದ್ರು?"

"ಐವತ್ತು," ಎಂದೆ.

ಡೋಸ್ ಏರಿಸಿದ ಔಷಧಿ ಉರಿಯುತ್ತಾ ತೋಳಿನಲ್ಲಿ ಮೇಲೇರಿತು. ಅಷ್ಟು ಹೊತ್ತು ನನ್ನ ಜೀವಕ್ಕೆ ಹೆದರಿದ್ದೆ. ಈಗ, ಐದರ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ನಿದ್ದೆ ಹೋಗುತ್ತಿದ್ದವರೆಲ್ಲ ಕಣ್ಣ ಮುಂದೆ ಬಂದರು. 'ನೀವೇನಾದ್ರೂ ತಗೋತೀರಾ?' ಎಂದು ಅವರಲ್ಲಿ ಒಬ್ಬರೂ ನನ್ನನ್ನು ಕೇಳಿರಲಿಲ್ಲ.