ಬಿಚ್ಚುವ ಅಧ್ಯಾಯ

ಬಲಗಡೆ ಇದೆ ಎಂದು ಪುಸ್ತಕ ಹೇಳಿದ್ದ ಬಟನ್ ಪರದೆಯ ಬಲಗಡೆ ಇರಲಿಲ್ಲ. ಎಡಗಡೆಯೂ ಇರಲಿಲ್ಲ. ಹಳೆ ಪುಸ್ತಕದ ಅಂಗಡಿಯ ಮೂಲೆಯ ಸ್ಟೂಲಿನ ಮೇಲೆ ಕೂತು, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಅವಳು ಇನ್ನೊಂದು ಪುಟ ತಿರುಗಿಸಿದಳು. ಅಲ್ಲೂ ಅದೇ ಕಥೆ. ಈ ಮೆನು ತೆರೆಯಿರಿ ಎಂದು ಬಾಣದ ಗುರುತು ಹಾಕಿ ತೋರಿಸಿದ್ದರು. ಅವಳ ಪರದೆಯಲ್ಲಿ ಆ ಹೆಸರಿನ ಮೆನುವೇ ಇಲ್ಲ.

ಅದು ಗೇಮ್ ಎಂಜಿನ್ ಒಂದರ ಕೈಪಿಡಿ. ಮೊಬೈಲು, ಕಂಪ್ಯೂಟರಿನ ಆಟಗಳನ್ನು ಕಟ್ಟುವ ಆ ತಂತ್ರಾಂಶ, ಪುಸ್ತಕ ಅಚ್ಚಾದ ಮೇಲೆ ಎರಡು ಸಲ ರೂಪ ಬದಲಿಸಿತ್ತು. ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ಕೆಲಸ ಮಾಡುವ ಅವಳು ಬಾಟಲಿಯ ಮೇಲಿನ ತಾರೀಖು ನೋಡದೆ ಮುಚ್ಚಳ ತಿರುಗಿಸಿದವಳಲ್ಲ. ಇಲ್ಲೂ ಮೊದಲು ನೋಡಿದ್ದು ಮುದ್ರಣದ ವರ್ಷವನ್ನೇ. ನೋಡಿ ಕೆಳಗಿಟ್ಟಿದ್ದಳು. ಬಾಗಿಲವರೆಗೆ ಹೋಗಿ ವಾಪಸ್ ಬಂದಿದ್ದಳು.

ತಮ್ಮನಿಗೆ ಫೋನು ಮಾಡಿದಳು. ಅವನು ಆಟ ಆಡುವವನೇ ಹೊರತು ಕಟ್ಟುವವನಲ್ಲ, ಆದರೂ ಸಲಹೆಗೆ ಬರವಿರಲಿಲ್ಲ.

"ಅಕ್ಕಾ, ಅದು ಹೋದ ವರ್ಷದ ಕ್ಯಾಲೆಂಡರ್. ಗೋಡೆಗೆ ಚೆಂದ, ತಾರೀಖು ನೋಡೋಕೆ ಬರಲ್ಲ. ಸುಮ್ನೆ ವಿಡಿಯೊ ನೋಡಿ ಕಲಿ, ಎಲ್ಲಾ ಬಿಟ್ಟಿ ಸಿಗುತ್ತೆ."

ವಿಡಿಯೊ ನೋಡಿಯೇ ಅಲ್ಲವೆ ಈ ಫಜೀತಿಯಾದದ್ದು.

ದೊಡ್ಡಮ್ಮ ಅವಳ ಅಮ್ಮನ ಅಕ್ಕ. ಅಕ್ಕತಮ್ಮಂದಿರಿಬ್ಬರನ್ನೂ ಬಟ್ಟೆ ಹೊಲಿದು ಸಾಕಿದವಳು. ಪಾರ್ಶ್ವವಾಯು ಹೊಡೆದ ಮೇಲೆ ಅವಳಿಗೆ ಮಾತು ಮರಳಿತು, ನಡಿಗೆ ಮರಳಿತು, ಬಲಗೈಯ ಬೆರಳುಗಳು ಮಾತ್ರ ಹಟ ಹಿಡಿದು ಮಡಚಿಕೊಂಡೇ ಕೂತವು. ಈಗ ದುಡಿಸಿದರೆ ಉಂಟು, ಬಿಟ್ಟರೆ ಅವು ಹೀಗೇ ಸೆಟೆದುಕೊಳ್ಳುತ್ತವೆ ಎಂದು ವ್ಯಾಯಾಮ ಮಾಡಿಸುವಾಕೆ ಮುಚ್ಚುಮರೆಯಿಲ್ಲದೆ ಹೇಳಿದ್ದಳು. ಹಿಸುಕಲು ಕೊಟ್ಟ ರಬ್ಬರ್ ಚೆಂಡನ್ನು ದೊಡ್ಡಮ್ಮ ಮಂಚದ ಕೆಳಗೆ ಉರುಳಿಸಿಬಿಟ್ಟಿದ್ದಳು. ಆಗ ತಂಗಿಯ ಮಗಳಿಗೆ ಹೊಳೆದದ್ದು ಈ ಆಟ. ಟ್ಯಾಬ್ಲೆಟ್ಟಿನ ಪರದೆಯ ಮೇಲೆ ಎರಡು ತುಂಡು ಬಟ್ಟೆ. ಅಂಚಿನ ಮೇಲೆ ಬೆರಳೆಳೆದರೆ ಹಿಂದೆಯೇ ದಾರ ಓಡಿ ಹೊಲಿಗೆ ಬೀಳಬೇಕು. ವಿಡಿಯೊಗಳಿಂದ ಅಲ್ಲಿಷ್ಟು ಇಲ್ಲಿಷ್ಟು ಹೆಕ್ಕಿ ಅದನ್ನು ಕಟ್ಟಿದ್ದಳು. ದೊಡ್ಡಮ್ಮ ಕನ್ನಡಕ ಹಾಕಿಕೊಂಡು ಕೂತು, ತುಟಿ ಕಚ್ಚಿಕೊಂಡು, ಒಂದು ಅಂಚನ್ನು ಪೂರ್ತಿ ಮುಗಿಸಿದಳು. ಮುಗಿದದ್ದೇ ತಡ ಚಿನ್ನದ ನಕ್ಷತ್ರಗಳು ಸುರಿದು ಚಪ್ಪಾಳೆ ಮೊಳಗಿತು.

"ಯಾರಿಗೇ ಈ ಚಪ್ಪಾಳೆ?"

"ನಿನಗೇ, ದೊಡ್ಡಮ್ಮ."

"ಹಾವು ಹರಿದ ಹಾಗೆ ಹೊಲಿದಿದ್ದೀನಿ, ಕಣ್ಣು ಕಾಣಲ್ವಾ ಇದಕ್ಕೆ? ಎಲ್ಲಿ, ಬಿಚ್ಚು."

ಬಿಚ್ಚುವುದಕ್ಕೆ ಆಟದಲ್ಲಿ ದಾರಿಯಿರಲಿಲ್ಲ. ಎಲ್ಲವನ್ನೂ ಅಳಿಸಿ ಮೊದಲಿನಿಂದ ಶುರು ಮಾಡಬಹುದಿತ್ತು, ಅಷ್ಟೆ. ಹೊಲಿಗೆ ಎಲ್ಲಿ ಓರೆಯಾಯಿತೋ ಅಲ್ಲಿವರೆಗೆ ಮಾತ್ರ ಬಿಚ್ಚಿ, ಅಲ್ಲಿಂದ ಮತ್ತೆ ಹೊಲಿಯುವುದು ದೊಡ್ಡಮ್ಮನ ಹೊಲಿಗೆ ಅಂಗಡಿಯ ಕಟ್ಟಳೆಯಾಗಿತ್ತು. ಸೊಟ್ಟ ಹೊಲಿಗೆ ಅವಳ ಬಾಗಿಲು ದಾಟಿದ್ದಿಲ್ಲ. ಇದೆಲ್ಲ ಗೊತ್ತಿದ್ದೂ ಗಿರಾಕಿಯನ್ನು ಮೆಚ್ಚಿಸುವಂತೆ ನಕ್ಷತ್ರ ಸುರಿಸಿದ್ದಳು ತಾನು. "ಕೈಲಾಗದವಳನ್ನ ಹೀಗೆ ರಮಿಸ್ತಾರೆ," ಎಂದು ದೊಡ್ಡಮ್ಮ ಟ್ಯಾಬ್ಲೆಟ್ಟನ್ನು ಆಚೆ ದೂಡಿದ್ದಳು. ಆಮೇಲೆ ಆ ಕೈ ಹೊದಿಕೆಯಿಂದ ಹೊರಗೇ ಬಂದಿರಲಿಲ್ಲ.

"ಮೇಡಂ, ಹಳೇದು ಅಂತ ಹೇಳೇ ಕೊಡ್ತಿದ್ದೀನಿ," ಎಂದ ಪುಸ್ತಕದ ಅಂಗಡಿಯವನು. "ಆಮೇಲೆ ವಾಪಸ್ ತರಬೇಡಿ."

ವಾಪಸ್ ತರುವ ಚಿಂತೆ ಅವಳಿಗಿರಲಿಲ್ಲ. ಇಲ್ಲದ ಬಟನ್ನುಗಳನ್ನು ಹುಡುಕುತ್ತ ದಿನ ಕಳೆದರೆ, ಆ ದಿನಗಳನ್ನು ಬೆರಳುಗಳಿಗೆ ವಾಪಸ್ ಕೊಡುವವರಿಲ್ಲ. ಇನ್ನೊಂದೇ ಪರೀಕ್ಷೆ ಎಂದುಕೊಂಡು, ಚಿತ್ರವೇ ಇಲ್ಲದ ಅಧ್ಯಾಯವೊಂದನ್ನು ಹುಡುಕಿ ತೆಗೆದಳು. ಆಡುವವರು ಇಟ್ಟ ಹೆಜ್ಜೆಯನ್ನು ಹಿಂತೆಗೆದುಕೊಳ್ಳುವ ಬಗೆ ಅದರಲ್ಲಿತ್ತು. ಒಂದೊಂದು ಹೆಜ್ಜೆಯನ್ನೂ ತಟ್ಟೆಯ ಮೇಲೆ ತಟ್ಟೆ ಇಟ್ಟಂತೆ ನೆನಪಿನಲ್ಲಿ ಪೇರಿಸಬೇಕು, ಬಿಚ್ಚುವಾಗ ಮೇಲಿನದನ್ನೇ ಮೊದಲು ಎತ್ತಬೇಕು. ಏನು ಒತ್ತಬೇಕು ಎಂಬುದನ್ನಷ್ಟೇ ಅಲ್ಲ, ಯಾಕೆ ಹಾಗೆ ಎಂಬುದನ್ನೂ ಬರೆದಿದ್ದರು. ವಿಡಿಯೊದವರು ಯಾರೂ ಅವಳಿಗೆ ಯಾಕೆ ಎಂದು ಹೇಳಿರಲಿಲ್ಲ.

ಅಲ್ಲಿದ್ದ ಸಾಲುಗಳನ್ನು ನೋಡಿ ನೋಡಿ ಟೈಪು ಮಾಡಿದಳು. ಆಟವನ್ನು ಓಡಿಸಿ ನೋಡಿದಳು. ಒಂದು ಸಾಲು ಕೆಂಪಾಯಿತು.

ಇನ್ನೇನು ಮುಚ್ಚಬೇಕು, ಕೆಂಪು ಸಾಲಿನ ಕೆಳಗಿನ ಸಣ್ಣ ಅಕ್ಷರ ಕಣ್ಣಿಗೆ ಬಿತ್ತು. ಈ ಆಜ್ಞೆಗೆ ಈಗ ಬೇರೆ ಹೆಸರು ಎಂದು ಎಂಜಿನ್ನೇ ಹೇಳಿ, ಹೊಸ ಹೆಸರನ್ನೂ ಕೊಟ್ಟಿತ್ತು. ಆ ಒಂದು ಪದ ತಿದ್ದಿ ಒತ್ತಿದಳು. ಪರದೆಯ ಮೇಲಿನ ದಾರ ಒಂದು ಹೊಲಿಗೆ ಹಿಂದಕ್ಕೆ ಬಂತು. ಮತ್ತೆ ಒತ್ತಿದಳು, ಇನ್ನೊಂದು ಬಂತು.

"ಕಟ್ಟಿಕೊಡಿ," ಎಂದು ಅಂಗಡಿಯವನತ್ತ ಪುಸ್ತಕ ಚಾಚಿದಳು.

ತಮ್ಮ ಆಮೇಲೆ ಫೋನು ಮಾಡಿ, ಕೊನೆಗೂ ಆ ಹಳೇ ಪುಸ್ತಕವನ್ನೇ ಹೊತ್ತು ತಂದೆಯಾ ಎಂದು ಆಡಿಕೊಂಡ. ಅವಳು ಸಿಟ್ಟಾಗಲಿಲ್ಲ. "ಬೀದಿಗಳ ಹೆಸರು ಬದಲಾಯಿಸಿದ್ದಾರೆ ಕಣೋ. ಬೀದಿಗಳು ಇದ್ದಲ್ಲೇ ಇವೆ," ಎಂದಳು. ಮುಂದಿನ ಸಂಜೆಗಳಲ್ಲಿ ಹೆಸರು ಬದಲಾದಲ್ಲೆಲ್ಲ ಪೆನ್ಸಿಲಿನಿಂದ ತಿದ್ದುತ್ತ ಆ ಅಧ್ಯಾಯವನ್ನು ಕೊನೆಮುಟ್ಟಿಸಿದಳು. ಬೇಡವಾದ ಚಪ್ಪಾಳೆಯನ್ನೂ ನಕ್ಷತ್ರಗಳನ್ನೂ ಒಂದೂ ಬಿಡದೆ ಕಿತ್ತೆಸೆದಳು.

ರಜೆಯ ದಿನ ಬೆಳಿಗ್ಗೆ ಟ್ಯಾಬ್ಲೆಟ್ಟನ್ನು ದೊಡ್ಡಮ್ಮನ ಮುಂದಿಟ್ಟು, ಕಿಟಕಿಯ ಹತ್ತಿರ ನಿಂತಳು. ದೊಡ್ಡಮ್ಮ ಬಹಳ ಹೊತ್ತು ಮುಟ್ಟಲಿಲ್ಲ. ಕೊನೆಗೆ ಹೊದಿಕೆಯೊಳಗಿಂದ ಕೈ ಹೊರಬಂತು. ದಾರ ಅಂಚಿಗುಂಟ ನಾಲ್ಕಾರು ಹೊಲಿಗೆ ನೆಟ್ಟಗೆ ಹೋಗಿ, ನಡುಗಿ, ಓರೆಯಾಯಿತು. ಪರದೆ ಸುಮ್ಮನಿತ್ತು.

"ಇನ್ನೂ ಸೊಟ್ಟಾನೇ," ಎಂದಳು ದೊಡ್ಡಮ್ಮ.

"ಹೂಂ, ಸೊಟ್ಟ. ಬಿಚ್ಚಬೇಕಾದ್ರೆ ಬೆರಳನ್ನ ಹಿಂದಕ್ಕೆ ಎಳಿ."

ನೆರವಿಗೆಂದು ಎಡಗೈ ತಾನಾಗಿ ಮೇಲೆದ್ದಿತು. ದೊಡ್ಡಮ್ಮ ಅದನ್ನು ಇಳಿಸಿ, ಕುರ್ಚಿಯ ಕೈ ಹಿಡಿಸಿ ಕೂರಿಸಿದಳು. ಬಲಗೈಯ ತೋರುಬೆರಳು ಅಷ್ಟಷ್ಟೇ ಬಿಡಿಸಿಕೊಂಡು ಪರದೆಯ ಮೇಲೆ ಊರಿತು. ಒಂದು ಹೊಲಿಗೆ ಬಿಚ್ಚಿತು. ತಡೆದು, ಇನ್ನೊಂದು.

"ಸ್ವಲ್ಪ ಆಚೆ ಸರಿ," ಎಂದಳು ದೊಡ್ಡಮ್ಮ ತಲೆಯೆತ್ತದೆ. "ಬೆಳಕಿಗೆ ಅಡ್ಡ ನಿಂತಿದ್ದೀಯ."

ಅವಳು ಕಿಟಕಿಯಿಂದ ಪಕ್ಕಕ್ಕೆ ಸರಿದಳು.