ಒಂದು ದಿನದ ಹಾಜರಿ

"ಅಪ್ಪ ಯಾರು ಅಂದ್ರೆ ಬಾಯಲ್ಲಿ ಕೋಕೋ ತುಂಬ್ಕೊಂಡಂಗೆ ನಿಂತವ್ಳೆ ನೋಡು. ಏನಂತ ಬರ್ಕೊಳ್ಲೇ ಮುಂಡೆ? ಕಡಲಗಾಳಿ ಅಂತ ಬರ್ಕೊಳ್ಳಾ?"

ಶಿಶುವಿಹಾರದ ಚೇರ್ಮನ್ ಕ್ಲೀಟಸ್ ಮಗುವನ್ನು ಸೇರಿಸುವ ಅರ್ಜಿಯ ಹಾಳೆಯನ್ನು ಲುಡ್ವಿನಾಳ ಮುಖದ ಮುಂದೆ ಆಡಿಸಿದ. ಕೋಕೋ ಒಣಗಿಸುವ ಗೂಡಿನ ಸುತ್ತ ಕೆಲಸದಲ್ಲಿದ್ದ ಹೆಂಗಸರು ನಕ್ಕರು. ಗೂಡೂ ಅವನದೇ, ನಗದೆ ಇರಲಿಕ್ಕಾಗುತ್ತದೆಯೆ. ಲುಡ್ವಿನಾ ಪೆಟ್ಟಿಗೆಯೊಳಗೆ ಮರದ ಸಲಿಕೆ ಇಳಿಸಿ ಬೀಜ ಮಗುಚಿದಳು. ಹುಳಿಯಲು ಹಾಕಿ ನಾಲ್ಕನೆಯ ದಿನ. ಅಂಗೈ ಇಟ್ಟರೆ ಸುಡುತ್ತಿತ್ತು. ಹುಳಿ ಆವಿ ಕಣ್ಣಿಗೆ ಹೊಡೆಯಿತು.

"ನಮ್ಮಲ್ಲಿ ಕುಲ ತಾಯಿದು ಕ್ಲೀಟಸಣ್ಣ. ನನ್ ಹೆಸ್ರೇ ಬರ್ಕೊ."

"ಕುಲಕ್ಕೆ ನಿನ್ನೆಸ್ರು, ಅರ್ಜಿಗೆ ಗಂಡಸಿನ ಹೆಸ್ರು. ಕೋಳಿ ಓಡ್ಸೋ ಹುಡ್ಗಿಗೆ ಅಕ್ಷರ ಯಾಕೆ ಬೇಕು?"

ಅಂಗಳದಲ್ಲಿ ಹರವಿದ್ದ ಬೀಜಕ್ಕೆ ಕೋಳಿ ಬಾಯಿ ಹಾಕದಂತೆ ಕಡ್ಡಿ ಹಿಡಿದು ನಿಂತಿದ್ದ ಐದು ವರ್ಷದ ಪೊಲೋ ತಾಯಿಯನ್ನು ನೋಡಿದಳು. ಮಗುವಿನ ತಂದೆ ದೋಣಿ ಹತ್ತಿ ಹೋಗಿ ನಾಲ್ಕು ವರ್ಷವಾಗಿತ್ತು; ಅವನ ಹೆಸರು ಹೇಳಬಾರದೆಂದು ಲುಡ್ವಿನಾ ಹಟ ಹಿಡಿದಿದ್ದಳು.

ಶಿಶುವಿಹಾರ ನಿಂತಿದ್ದ ನೆಲ ಲುಡ್ವಿನಾಳದು. ಬೂಗನ್‌ವಿಲ್ ದ್ವೀಪದ ಆ ತೆಂಕಣ ಕರಾವಳಿಯಲ್ಲಿ ನೆಲ ಹೆಣ್ಣಿನಿಂದ ಹೆಣ್ಣಿಗೆ ಇಳಿಯುತ್ತದೆ. ಯುದ್ಧದಲ್ಲಿ ಸರ್ಕಾರದ ಸೇನೆ ದ್ವೀಪಕ್ಕೆ ಮುತ್ತಿಗೆ ಹಾಕಿದ್ದ ವರ್ಷಗಳಲ್ಲಿ ಅವಳ ತಾಯಿ, ಇಬ್ಬರು ಅಕ್ಕಂದಿರು ಔಷಧಿಯಿಲ್ಲದೆ ಕಾಡಿನಲ್ಲೇ ತೀರಿಕೊಂಡಿದ್ದರು. ಕಟ್ಟಡಕ್ಕೆ ಒಪ್ಪಿಗೆ ಕೊಟ್ಟ ಸೋದರಮಾವನೂ ಈಗಿಲ್ಲ. ಆ ಕುಲದಲ್ಲಿ ಉಳಿದವರು ಲುಡ್ವಿನಾ ಮತ್ತು ಪೊಲೋ, ಇಬ್ಬರೇ. ಊಟಕ್ಕೆ ಗೆಣಸು ಸುಲಿಯುವಾಗ ಅವಳಿಗೆ ಮಾತನಾಡಲು ಬೇರೆ ಯಾರೂ ಇರಲಿಲ್ಲ.

ಮನೆಬಾಗಿಲಿಂದ ಕಾಣುವ ಷಾರ್ಟ್‌ಲೆಂಡ್ ದ್ವೀಪಗಳು ಇನ್ನೊಂದು ದೇಶ. ಮೋಟಾರು ದೋಣಿಯಲ್ಲಿ ಒಂದು ಗಂಟೆ. ಲುಡ್ವಿನಾಳ ತೀರಿಹೋದ ಅಣ್ಣನ ಹೆಂಡತಿ ಫಿಲೋ ಅಲ್ಲಿಯವಳು. ಹೋದ ವರ್ಷ ಪೊಲೋ ಮೂರು ತಿಂಗಳು ಅತ್ತೆಯ ಮನೆಯಲ್ಲಿದ್ದಳು. ಅಲ್ಲಿನ ಶಿಶುವಿಹಾರದ ಟೀಚರಮ್ಮ ಕೇಳಿದ್ದು ಮಗುವಿನ ಹೆಸರೊಂದನ್ನೇ. ತಾಳೆಗರಿಯ ಸೂರು, ಮಣ್ಣಿನ ನೆಲ, ಗಂಡು ಹೆಣ್ಣು ಒಟ್ಟಿಗೆ. ಇಲ್ಲಿ ತಗಡಿನ ಸೂರು, ಬಣ್ಣದ ಗೋಡೆ, ಇಪ್ಪತ್ತು ಚಾಪೆ; ಇಪ್ಪತ್ತರಲ್ಲೂ ಗಂಡುಮಕ್ಕಳೇ. ಹುಡುಗಿಯನ್ನು ಅಲ್ಲೇ ಬಿಡು ಎಂದು ಫಿಲೋ ಹೇಳಿ ಕಳಿಸುತ್ತಲೇ ಇದ್ದಳು. ಬಿಟ್ಟರೆ ತನ್ನ ನಂತರ ಈ ನೆಲದ ಮೇಲೆ ಕುಲದ ಹೆಣ್ಣೇ ಇಲ್ಲವೆಂದು ಕ್ಲೀಟಸ್ ಬೇಲಿ ಹಾಕುತ್ತಾನೆ. ಬಿಡದಿದ್ದರೆ ಪೊಲೋ ಕೋಳಿ ಓಡಿಸುತ್ತಾಳೆ.

ಆ ವಾರ ರಾಜಧಾನಿಯಿಂದ ಒಬ್ಬ ಹೆಂಗಸು ಬರುತ್ತಾಳೆಂಬ ಸುದ್ದಿ ಬಂತು. ಎರಡೂ ದೇಶಗಳ ಶಿಶುವಿಹಾರಗಳಲ್ಲಿ ಹೆಣ್ಣುಮಕ್ಕಳೆಷ್ಟು ಎಂದು ಹೋಲಿಸಿ ಬರೆಯುವುದು ಅವಳ ಕೆಲಸ. ಕ್ಲೀಟಸ್ ಎಂಟು ಗಂಡುಮಕ್ಕಳ ಮನೆಗೆ ಹೋಗಿ ಒಂದು ದಿನ ಬರಬೇಡಿ ಎಂದ. ಏಳು ಹೆಣ್ಣುಮಕ್ಕಳ ತಾಯಂದಿರಿಗೆ ಮೀಯಿಸಿ ಕರೆತರಲು ಹೇಳಿದ. ಎಂಟನೆಯವಳಿಗಾಗಿ ಲುಡ್ವಿನಾಳ ಮೆಟ್ಟಿಲಿಗೂ ಬಂದ.

"ಆಚೆ ದಡದವ್ರ ಮುಂದೆ ಮಾನ ಹೋಗ್ಬಾರ್ದು. ನಾಳೆ ಕೂರ್ಸು ಇವಳ್ನ."

"ಅಪ್ಪನ ಹೆಸ್ರು ಬೇಡ್ವಾ?"

"ನಾಳೆಗೆ ಬೇಡ," ಎಂದ ಅವನು, ನಾಚಿಕೆಯಿಲ್ಲದೆ.

ಪೊಲೋ ತಲೆಗೆ ತೆಂಗಿನೆಣ್ಣೆ ಹಚ್ಚಿಸಿಕೊಂಡು ಹೋಗಿ ಮೊದಲ ಸಾಲಿನ ಚಾಪೆಯಲ್ಲಿ ಕೂತಳು. ಇದು ಒಂದೇ ದಿನಕ್ಕೆಂದು ಲುಡ್ವಿನಾ ಅವಳಿಗೆ ಹೇಳಿರಲಿಲ್ಲ. ಕಿಟಕಿಯಾಚೆ ನಿಂತು ನೋಡಿದಳು. ಪೊಲೋ ಮೂವತ್ತರವರೆಗೆ ಎಣಿಸಿದಳು, ಆಚೆ ದಡದ ರಾಗದಲ್ಲಿ. ರಾಜಧಾನಿಯವಳು ಖುಷಿಯಾಗಿ ಗುರುತು ಹಾಕಿಕೊಂಡು, ಆ ಕಡೆಗಿಂತ ಇಲ್ಲೇ ವಾಸಿ ಎಂದಳು. ಕ್ಲೀಟಸ್ ಎಳನೀರು ಕೆತ್ತಿ ಕೊಟ್ಟ.

ದೋಣಿಯ ಸದ್ದು ದೂರವಾಗುತ್ತಲೇ ಅವನು ಒಳಗೆ ಬಂದು ಹೆಣ್ಣುಮಕ್ಕಳನ್ನು ಎಬ್ಬಿಸಿದ. ಏಳು ಜನ ಎದ್ದರು. ಪೊಲೋ ಚಾಪೆಯ ಅಂಚು ಹಿಡಿದುಕೊಂಡಳು. ರಟ್ಟೆ ಹಿಡಿದು ಎತ್ತಿದ. ಚಾಪೆಯೂ ಜೊತೆಗೆ ಮೇಲೆ ಬಂತು. ಟೀಚರ್ ಹಿಲ್ಡಾ ನೆಲ ನೋಡುತ್ತ ಬೆರಳು ಒಂದೊಂದಾಗಿ ಬಿಡಿಸಿದಳು.

ದಾರಿಯಲ್ಲಿ ಪೊಲೋ ಕೇಳಿದಳು: "ಅಮ್ಮಾ, ನಾನು ತಪ್ಪು ಎಣಿಸ್ದ್ನಾ?"

ಬೆಳಗಾದಾಗ ಶಿಶುವಿಹಾರದ ಬಾಗಿಲಿಗೆ ಅಡ್ಡಲಾಗಿ ಕಾಡುಶುಂಠಿಯ ದಂಟು ಕಟ್ಟಿತ್ತು. ನೆಲದ ಹೆಣ್ಣು ಆ ದಂಟು ಕಟ್ಟಿದರೆ ಅವಳೇ ಬಿಚ್ಚುವವರೆಗೆ ಯಾರೂ ದಾಟುವುದಿಲ್ಲ. ಮುತ್ತಿಗೆಯ ಕಾಲದಲ್ಲಿ ಸೈನಿಕರೂ ದಾಟಿರಲಿಲ್ಲ. ಲುಡ್ವಿನಾ ಪೊಲೋಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೆಟ್ಟಿಲ ಮೇಲೆ ಕೂತಿದ್ದಳು.

ಊರು ಸೇರಿತು. ಕ್ಲೀಟಸ್ ಅವಳ ತಾಯಿಯನ್ನೂ ಅಜ್ಜಿಯನ್ನೂ ಎಳೆದು ಬೈದ, ಆದರೆ ದಂಟು ಮುಟ್ಟಲಿಲ್ಲ. ಕೊನೆಗೆ ದನಿ ಇಳಿಸಿದ.

"ಆಯ್ತು, ಪೊಲೋನ ತಗೋತೀನಿ. ಅಪ್ಪನ ಹೆಸ್ರು ಹಾಳಾಗ್ಲಿ. ಬಿಚ್ಚು."

ಪೊಲೋ ಎದ್ದು ನಿಂತಳು. ಲುಡ್ವಿನಾ ಗುಂಪಿನ ಕಡೆ ನೋಡಿದಳು. ಉಳಿದ ಏಳು ಹುಡುಗಿಯರು ತಾಯಂದಿರ ಲಂಗ ಹಿಡಿದು ನಿಂತಿದ್ದರು. ಒಬ್ಬ ತಾಯಿಯಾದರೂ ಬಾಯಿ ತೆರೆಯಲಿ ಎಂದು ಕಾದಳು. ಒಬ್ಬಳು ತೆರೆದಳು.

"ನನ್ ಮಗ ಏನ್ ಮಾಡಿದ್ದ ನಿಂಗೆ? ಅವನ್ ಓದು ಯಾಕೆ ಹಾಳ್ಮಾಡ್ತೀಯ?"

ಲುಡ್ವಿನಾ ಪೊಲೋಳ ಕೈ ಹಿಡಿದು ಮತ್ತೆ ಕೂರಿಸಿದಳು.

"ಎಂಟು ಜನ," ಅಂದಳು. "ನಿನ್ನೆ ಕೂತಿದ್ದ ಎಂಟೂ ಜನ. ಇನ್ನೆಂಟು ಚಾಪೆ ನಾನ್ ಹೆಣೀತೀನಿ."

ಕ್ಲೀಟಸ್ ಉಗುಳಿದ. ಗಂಡುಮಕ್ಕಳನ್ನು ತನ್ನ ಕೋಕೋ ಗೂಡಿನ ಕಡೆ ನಡೆಸಿದ. ಹಿಲ್ಡಾ ಹಿಂದೆ ಹೋದಳು. ಕೆಲಸಕ್ಕೆ ಹೊತ್ತಾಯಿತೆಂದು ತಾಯಂದಿರೂ ಹೊರಟರು, ಹೆಣ್ಣುಮಕ್ಕಳ ಕೈಗೆ ಕೋಳಿ ಓಡಿಸುವ ಕಡ್ಡಿ ಕೊಟ್ಟು. ಮೆಟ್ಟಿಲ ಹತ್ತಿರದ ಕಾಲುದಾರಿ ಬಿಟ್ಟು ಎಲ್ಲರೂ ಸಮುದ್ರದಂಚಿನ ಸುತ್ತುದಾರಿ ಹಿಡಿದರು.

ಸ್ವಲ್ಪ ಹೊತ್ತಿಗೆ ಗೂಡಿನ ಕಡೆಯಿಂದ ಗಂಡುಮಕ್ಕಳ ಹಾಡು ಕೇಳಿಸಿತು. ಪೊಲೋಗೆ ಬರುವ ಹಾಡೇ. ಅವಳು ಬಾಯಿ ತೆರೆದು, ತಾಯಿಯ ಮುಖ ನೋಡಿ, ಮುಚ್ಚಿಕೊಂಡಳು. ಲುಡ್ವಿನಾ ಖಾಲಿ ಕೋಣೆಗೆ ಬೆನ್ನು ಕೊಟ್ಟು, ಒಂದು ಕೈ ದಂಟಿನ ಗಂಟಿನ ಮೇಲಿಟ್ಟು, ಕೂತೇ ಇದ್ದಳು.