ಅಳತೆಗೋಲಿನ ಕೊನೆಯ ಗೆರೆ

ಶಾಲೆಯ ವ್ಯಾನು ಹದಿನೈದು ದಿನದಿಂದ ನಿಂತಲ್ಲೇ ನಿಂತಿತ್ತು. ಗಾಜಿನ ಮೇಲೆ ಕೂತ ಧೂಳಿನಲ್ಲಿ ಓಣಿಯ ಮಕ್ಕಳು ಬೆರಳಿನಿಂದ ಬೆಕ್ಕಿನ ಮುಖ ಬರೆದಿದ್ದರು. ವ್ಯಾನು ಓಡಿಸುವವಳು ಒಳಗಿನ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಹೊರಗಿನ ಕೋಣೆಯಲ್ಲಿ ಅವಳ ಅತ್ತಿಗೆ ಹೊಲಿಗೆ ಮೆಷಿನ್ನಿನ ಮುಂದೆ ಕೂತು ಪ್ಯಾಂಟಿನ ಅಂಚು ಮಡಿಸಿ ಹೊಲಿಯುತ್ತಿದ್ದಳು. ಕೈ ಕೆಲಸದ ಮೇಲಿದ್ದರೂ ಕಿವಿ ಒಳಗೇ ಇತ್ತು.

ಅತ್ತಿಗೆ ನಾದಿನಿ ಎಂದರೆ ಎಣ್ಣೆ ಸೀಗೆಕಾಯಿ ಎನ್ನುವವರು ಈ ಮನೆಗೆ ಬಂದು ನೋಡಬೇಕಿತ್ತು. ಆರು ವರ್ಷದಿಂದ ಇಬ್ಬರೇ ಇದ್ದರು, ಒಂದೇ ತಟ್ಟೆಯಲ್ಲಿ ಉಂಡವರ ಹಾಗೆ. ನಾದಿನಿಯದು ದೊಡ್ಡ ಬಾಯಿ. ವ್ಯಾನಿನಲ್ಲಿ ಇಪ್ಪತ್ತೆರಡು ಮಕ್ಕಳು ಗಲಾಟೆ ಮಾಡಿದರೆ ಇವಳ ಒಂದು ಗದರಿಕೆಗೆ ಇಪ್ಪತ್ತೆರಡೂ ಗಪ್‌ಚಿಪ್. ಅಂಥವಳ ಮಾತು ಮೂರು ತಿಂಗಳಿಂದ ಕಡಿಮೆಯಾಗುತ್ತಾ ಬಂತು. ಆಮೇಲೆ ಊಟ ಹೋಯಿತು, ನಿದ್ದೆ ಹೋಯಿತು. ಒಂದು ಬೆಳಿಗ್ಗೆ ಮಕ್ಕಳನ್ನು ಇಳಿಸಿದವಳು ಶಾಲೆಯ ಗೇಟಿನೆದುರು ಸ್ಟೀರಿಂಗ್ ಹಿಡಿದುಕೊಂಡು ಒಂದು ಗಂಟೆ ಹಾಗೇ ಕೂತುಬಿಟ್ಟಳು. ಯಾಕೆ ಎಂದು ಕೇಳಿದ್ದಕ್ಕೆ, ಮುಂದೆ ಎಲ್ಲಿಗೆ ಹೋಗಬೇಕು ಅಂತ ಗೊತ್ತಾಗಲಿಲ್ಲ ಎಂದಳು. ಅಂದಿನಿಂದ ರಜೆ.

ಅತ್ತಿಗೆಯೂ ಅಂದಿನಿಂದ ಮನೆ ಬಿಟ್ಟು ಹೊರಗೆ ಹೋಗಿರಲಿಲ್ಲ. ಏಕೆಂದರೆ ಇದೇ ಕೋಣೆಯಲ್ಲಿ, ಇದೇ ಗೋಡೆಗೆ ಮುಖ ಮಾಡಿ ಮಲಗಿದ್ದ ಇನ್ನೊಬ್ಬರನ್ನು ಅವಳು ನೋಡಿದ್ದಳು. ಅವಳ ಗಂಡ. ಅಂಗಡಿಗಳಿಗೆ ಬೋರ್ಡು ಬರೆಯುವವನು. ಸ್ಕೇಲು ಮುಟ್ಟದೆ, ಒಂದೇ ಉಸಿರಿಗೆ, ಬೋರ್ಡಿನ ಈ ತುದಿಯಿಂದ ಆ ತುದಿಗೆ ಕೂದಲೆಳೆಯಷ್ಟೂ ವಾಲದ ಗೆರೆ ಎಳೆಯುತ್ತಿದ್ದ. ಅದಕ್ಕೇ ಜನ ಅವನನ್ನು 'ಅಳತೆಗೋಲು' ಎಂದು ಕರೆಯುತ್ತಿದ್ದರು. ಆರು ವರ್ಷದ ಹಿಂದೆ ಅವನಿಗೂ ಮನಸ್ಸು ಹೀಗೇ ಕುಸಿದಿತ್ತು. ಡಾಕ್ಟರಿಗೆ ತೋರಿಸಿದ್ದರು, ಮಾತ್ರೆಯೂ ಬಂದಿತ್ತು. ಆದರೂ ಮೂರು ತಿಂಗಳ ಮೇಲೆ ಒಂದು ದಿನ ಅವನು ತನ್ನ ಜೀವವನ್ನು ತಾನೇ ಕಳೆದುಕೊಂಡ.

"ಮಾತ್ರೆ ನುಂಗಿದ್ರೂ ಹೋದ್ರು." ಕೇಳಿದವರಿಗೆಲ್ಲ ಅತ್ತಿಗೆ ಹೇಳುತ್ತಿದ್ದುದು ಇಷ್ಟೇ. ಆರು ವರ್ಷದಲ್ಲಿ ಈ ಮಾತು ಮನೆಯ ಗೋಡೆಯಷ್ಟು ಗಟ್ಟಿಯಾಗಿತ್ತು.

ಓಣಿಯ ಕೊನೆಯ ಮನೆಯಲ್ಲಿ ಆಸ್ಪತ್ರೆಯ ನರ್ಸಮ್ಮ ಇದ್ದರು. ಅವರು ಎರಡು ದಿನ ಸಂಜೆ ಬಂದು ನಾದಿನಿಯ ಹತ್ತಿರ ಕೂತು ಮಾತಾಡಿ ಹೋಗಿದ್ದರು. ಮೂರನೆಯ ದಿನ ಹೊರಗಿನ ಕೋಣೆಯಲ್ಲೇ ಕೂತು, ನಾಳೆ ಡಾಕ್ಟರಿಗೆ ತೋರಿಸೋಣ, ಸಮಯ ಗೊತ್ತು ಮಾಡಿ ಬಂದಿದ್ದೇನೆ ಎಂದರು. ಅತ್ತಿಗೆ ಕತ್ತರಿ ಕೆಳಗಿಡಲಿಲ್ಲ. ಡಾಕ್ಟರು ಬೇಡ, ಆ ಮಾತ್ರೆ ಈ ಮನೆಗೆ ಇನ್ನೊಂದು ಸಲ ಬರುವುದು ಬೇಡ, ಹಾಲು ಹಣ್ಣು ಕೊಟ್ಟು ನಾನೇ ನೋಡಿಕೊಳ್ಳುತ್ತೇನೆ ಎಂದಳು.

ನರ್ಸಮ್ಮ ದನಿ ತಗ್ಗಿಸಿದರು.

"ಅಕ್ಕ, ಬದುಕೋದು ಬೇಡ ಅನ್ಸುತ್ತಾ ಅಂತ ಅವಳನ್ನ ನೇರವಾಗೇ ಕೇಳ್ದೆ. ಹೌದು ಅಂದ್ಳು. ಹಾಲು ಹಣ್ಣಿಗೆ ಹೋಗೋ ಕಾಯಿಲೆ ಅಲ್ಲ ಇದು."

ಕತ್ತರಿ ಕೈಯಿಂದ ಜಾರಿತು. ಅಂಥದ್ದನ್ನೆಲ್ಲ ಬಾಯಿಬಿಟ್ಟು ಕೇಳುವುದುಂಟೇ, ಇಲ್ಲದ ಯೋಚನೆ ತಲೆಗೆ ಹಾಕಿದಂತಾಗಲಿಲ್ಲವೇ ಎಂದು ಅತ್ತಿಗೆ ಸಿಡುಕಿದಳು. ಕೇಳಿದ್ದರಿಂದ ಆ ಯೋಚನೆ ಬರುವುದಿಲ್ಲ, ಒಳಗೇ ಇಟ್ಟುಕೊಂಡು ಬೇಯುತ್ತಿದ್ದವರಿಗೆ ಹೇಳಿಕೊಳ್ಳಲು ದಾರಿಯಾಗುತ್ತದೆ ಅಷ್ಟೆ ಎಂದರು ನರ್ಸಮ್ಮ.

ಅತ್ತಿಗೆ ಎದ್ದು ಗಂಡನ ಕೆಲಸದ ಕೋಣೆಗೆ ಹೋದಳು. ಬ್ರಷ್ಷುಗಳ ಡಬ್ಬಿಯ ತಳದಿಂದ ರಬ್ಬರ್ ಬ್ಯಾಂಡ್ ಹಾಕಿದ ಒಂದು ಪೊಟ್ಟಣ ತಂದು ನರ್ಸಮ್ಮನ ಮಡಿಲಿಗೆ ಹಾಕಿದಳು. ಡಾಕ್ಟರ ಹಳೆಯ ಚೀಟಿ, ಅದರೊಳಗೆ ಮಾತ್ರೆಯ ಒಂದು ಹಾಳೆ. ಸಾಕ್ಷಿ ಬೇಕಿದ್ದರೆ ನೋಡಿ, ಇದನ್ನೇ ನುಂಗಿದ್ದು ಎಂದಳು.

ನರ್ಸಮ್ಮ ಹಾಳೆಯನ್ನು ಬೆಳಕಿಗೆ ಹಿಡಿದರು. ಹದಿನೈದು ಗುಳಿಗಳಲ್ಲಿ ಒಂಬತ್ತು ಖಾಲಿ. ಆರು ಮಾತ್ರೆ ಹಾಗೇ ಇದ್ದವು.

"ಇಂಥ ಹಾಳೆ ಇನ್ನೆಷ್ಟು ಮುಗ್ಸಿದ್ರು?"

"ಇನ್ನೆಲ್ಲಿ, ಮನೇಲಿ ಸಿಕ್ಕಿದ್ದು ಇದೊಂದೇ."

ಹೇಳಿದ ಮೇಲೆ ಅತ್ತಿಗೆಗೆ ತನ್ನ ಮಾತು ತನಗೇ ಕೇಳಿಸಿತು. ಮೂರು ತಿಂಗಳು, ದಿನಕ್ಕೊಂದು. ಇದ್ದದ್ದು ಒಂದು ಹಾಳೆ, ಅದರಲ್ಲೂ ಒಂಬತ್ತು. ಇಲ್ಲ, ಅವರು ದಿನಾ ತೆಗೆದುಕೊಳ್ಳುತ್ತಿದ್ದರು, ನಾನು ನೋಡಿದ್ದೇನೆ ಎಂದು ಅವಳು ತಡವರಿಸಿದಳು. ಬೆಳಿಗ್ಗೆ ಎದ್ದವನು ಒಂದು ಲೋಟ ನೀರು ಹಿಡಿದು ಕೆಲಸದ ಕೋಣೆಗೆ ಹೋಗುತ್ತಿದ್ದ. ಮಾತ್ರೆ ತಗೊಂಡ್ರಾ ಎಂದು ಇವಳು ಒಲೆಯ ಮುಂದಿನಿಂದಲೇ ಕೂಗುತ್ತಿದ್ದಳು. ಹೂಂ ಎನ್ನುತ್ತಿದ್ದ. ಲೋಟ ಖಾಲಿಯಾಗಿ ವಾಪಸು ಬರುತ್ತಿತ್ತು. ಈಗ ಅವಳಿಗೆ ಆ ಕೋಣೆಯ ಕಿಟಕಿಯಲ್ಲಿದ್ದ ಕುಂಡದ ನೆನಪಾಯಿತು. ಯಾರೂ ನೀರು ಹಾಕದೆ ಯಾವಾಗಲೂ ಒಣಗುತ್ತಿದ್ದ ಗಿಡ ಆ ಬೇಸಿಗೆಯಲ್ಲಿ ತಾನಾಗಿಯೇ ಚಿಗುರಿತ್ತು. ನೋಡಿ ಎಂದು ಗಂಡನಿಗೆ ಸಂತೋಷದಿಂದ ತೋರಿಸಿದ್ದಳು ಬೇರೆ.

ಈ ಮಾತ್ರೆ ತಲೆನೋವಿನ ಮಾತ್ರೆಯ ಹಾಗೆ ಅರ್ಧ ಗಂಟೆಗೆ ಗುಣ ತೋರಿಸುವುದಿಲ್ಲ ಎಂದು ನರ್ಸಮ್ಮ ಮೆಲ್ಲಗೆ ಬಿಡಿಸಿ ಹೇಳಿದರು. ಮನಸ್ಸು ಸ್ವಲ್ಪ ಹಗುರಾಗಲು ಎರಡು ವಾರವಾದರೂ ಬೇಕು, ಪೂರ್ತಿ ಗುಣ ಗೊತ್ತಾಗಲು ಆರು ವಾರ, ಕೆಲವರಿಗೆ ಇನ್ನೂ ಹೆಚ್ಚು. ಒಂಬತ್ತು ದಿನಕ್ಕೆ ಅದು ಹಿಡಿಯಿತು ಎಂದೂ ಹೇಳಲಾಗದು, ಹಿಡಿಯಲಿಲ್ಲ ಎಂದೂ ಹೇಳಲಾಗದು.

"ಯಾಕೆ ಬಿಟ್ರು ಮತ್ತೆ? ನನ್ಗೆ ಒಂದು ಮಾತು ಹೇಳ್ಬಾರ್ದಿತ್ತಾ?" ಎಂದಳು ಅತ್ತಿಗೆ.

ಉತ್ತರ ಬಂದದ್ದು ಒಳಗಿನಿಂದ. ನಾದಿನಿ ಯಾವಾಗಲೋ ಎದ್ದು ಬಾಗಿಲಿಗೆ ಒರಗಿ ನಿಂತಿದ್ದಳು. ಎಷ್ಟೋ ದಿನದ ಮೇಲೆ ಅವಳಾಗಿಯೇ ಆಡಿದ ಮಾತು ಅದು. ಅಣ್ಣನ ಕೊನೆಯ ಬೋರ್ಡು ನೋಡಿ, ಅದನ್ನು ಎತ್ತಿಟ್ಟವಳು ನಾನೇ ಎಂದಳು.

ಆ ಬೋರ್ಡು ಬೀರುವಿನ ಹಿಂದೆ ಇತ್ತು. ಯಾವುದೋ ಬೇಕರಿಗೆಂದು ಬರೆದದ್ದು, ಕೊಡದೆ ಉಳಿದದ್ದು. ಮೂವರೂ ಸೇರಿ ಅದನ್ನು ಹೊರಗೆಳೆದು ಒರೆಸಿದರು. ಅಕ್ಷರ ದುಂಡಾಗಿದ್ದವು. ಆದರೆ ಅಕ್ಷರದ ಕೆಳಗಿನ ಕೆಂಪು ಗೆರೆ ಅರ್ಧದಿಂದಾಚೆ ನಡುಗಿತ್ತು. ಅದನ್ನು ಅಳಿಸಿ ಮತ್ತೆ ಎಳೆದ ಗುರುತು ಮೂರು ಕಡೆ ಇತ್ತು. ಮೂರು ಸಲವೂ ಗೆರೆ ನಡುಗಿತ್ತು. ಮೂಲೆಯಲ್ಲಿ ಅವನು ಯಾವಾಗಲೂ ಹಾಕುವ ಪುಟ್ಟ ತಾರೀಕು. ನರ್ಸಮ್ಮ ಚೀಟಿಯ ತಾರೀಕು ನೋಡಿದರು. ಮಾತ್ರೆ ಶುರುವಾಗಿ ಎಂಟು ದಿನಕ್ಕೆ ಬರೆದ ಬೋರ್ಡು.

ಅತ್ತಿಗೆ ಬೋರ್ಡಿನ ಮುಂದೆ ಕೂತು ಆ ಗೆರೆಯ ಮೇಲೆ ಬೆರಳಾಡಿಸಿದಳು. ಸ್ಕೇಲೇ ಇಲ್ಲದೆ ಗೆರೆ ಎಳೆಯುತ್ತಿದ್ದ ಮನುಷ್ಯ ಮೂರು ಸಲ ಅಳಿಸಿದ್ದಾನೆ. ಅತ್ತಿಗೆ ಆಗ ಆಚೆ ಕೋಣೆಯಲ್ಲೇ ಇದ್ದಳು.

ಈ ಮಾತ್ರೆಯಿಂದ ಕೆಲವರಿಗೆ ಮೊದಮೊದಲು ಕೈ ನಡುಗುವುದುಂಟು ಎಂದರು ನರ್ಸಮ್ಮ. ಕೆಲವರಿಗೆ ಹೊಟ್ಟೆ ತೊಳಸುತ್ತದೆ, ಕೆಲವರಿಗೆ ನಿದ್ದೆ ಕೆಡುತ್ತದೆ. ಎಷ್ಟೋ ಜನಕ್ಕೆ ದಿನ ಕಳೆದ ಹಾಗೆ ಇದೆಲ್ಲ ತಾನೇ ಕಡಿಮೆಯಾಗುತ್ತದೆ. ಆಗದಿದ್ದರೆ ಡಾಕ್ಟರು ಪ್ರಮಾಣ ತಗ್ಗಿಸುತ್ತಾರೆ, ಇಲ್ಲವೇ ಬೇರೆ ಮಾತ್ರೆಗೆ ಬದಲಾಯಿಸುತ್ತಾರೆ. ಮಾತ್ರೆ ಒಂದೇ ಜಾತಿಯದಲ್ಲ, ಹತ್ತಾರು ಬಗೆಯವು ಇವೆ.

"ನೀವು ಗಿರಾಕಿಗೆ ಪ್ಯಾಂಟು ಹಾಕ್ಸಿ ನೋಡ್ತೀರಲ್ವಾ ಅಕ್ಕ? ಸೊಂಟ ಬಿಗಿಯಾದ್ರೆ ಬಿಚ್ಚಿ ಸಡಿಲ ಮಾಡ್ತೀರಿ. ಬಿಗಿ ಅಂತ ಅವ್ರು ಹೇಳ್ಬೇಕು, ನೀವು ಕೇಳ್ಬೇಕು. ಇದೂ ಹಾಗೇನೆ."

"ಅವತ್ತು ಹೇಳಿದ್ರೆ ಬದುಕ್ತಿದ್ರಾ?"

ನರ್ಸಮ್ಮ ಅವಳ ಎದುರು ನೆಲದ ಮೇಲೆ ಕೂತರು. "ಅದು ನಂಗೊತ್ತಿಲ್ಲ. ಗೊತ್ತು ಅಂದ್ರೆ ಸುಳ್ಳು ಹೇಳ್ದಂಗೆ. ಇದು ನಿಮ್ಮ ತಪ್ಪೂ ಅಲ್ಲ, ಅವ್ರ ತಪ್ಪೂ ಅಲ್ಲ. ಆದ್ರೆ ನಿಮ್ಮ ನಾದಿನಿ ಇನ್ನೂ ಇದ್ದಾಳೆ."

ಅತ್ತಿಗೆ ಬಹಳ ಹೊತ್ತು ಅತ್ತಳು. ನಾದಿನಿ ಬಂದು ಪಕ್ಕದಲ್ಲಿ ಕೂತಳು. ಅಣ್ಣನ ಮಾತ್ರೆ ಆರು ಉಳಿದಿವೆಯಲ್ಲ, ಒಂದೇ ರಕ್ತ, ಅದನ್ನೇ ತೆಗೆದುಕೊಳ್ಳಲೇ ಎಂದು ಅವಳು ಕೇಳಿದಾಗ ನರ್ಸಮ್ಮ ಹಾಳೆಯನ್ನು ತಮ್ಮ ಚೀಲಕ್ಕೆ ಹಾಕಿಕೊಂಡರು. ಅವಧಿ ಮುಗಿದ ಮಾತ್ರೆಯನ್ನಾಗಲಿ, ಇನ್ನೊಬ್ಬರ ಮಾತ್ರೆಯನ್ನಾಗಲಿ ಮುಟ್ಟಬಾರದು, ಅಣ್ಣನದಾದರೂ ಅಷ್ಟೇ ಎಂದರು.

ಮರುದಿನ ಅತ್ತಿಗೆಯೇ ಜೊತೆಗೆ ಹೋದಳು. ಡಾಕ್ಟರು ಚೀಟಿ ಬರೆಯುವ ಮೊದಲು ಅರ್ಧ ಗಂಟೆ ಬರೀ ಕೇಳಿದರು. ಏನು ಕೆಲಸ, ಎಷ್ಟು ಹೊತ್ತಿಗೆ ಏಳಬೇಕು, ನಿದ್ದೆ ಹೇಗೆ, ಹಸಿವು ಹೇಗೆ, ಬೇರೆ ಕಾಯಿಲೆಗೆ ಮಾತ್ರೆ ಇದೆಯೇ, ಕುಡಿತ ಇದೆಯೇ, ಬಸಿರಿಯೇ, ಹಿಂದೆ ಯಾವಾಗಲಾದರೂ ಇದಕ್ಕೆ ತದ್ವಿರುದ್ಧವಾಗಿ ಮನಸ್ಸು ವಿಪರೀತ ಹುರುಪಿನಲ್ಲಿ ಓಡಿದ್ದುಂಟೇ, ಮನೆಯಲ್ಲಿ ಯಾರಿಗಾದರೂ ಈ ಕಾಯಿಲೆ ಇತ್ತೇ, ಅವರಿಗೆ ಯಾವ ಮಾತ್ರೆ ಹಿಡಿಯಿತು. ಅಣ್ಣನ ಒಂಬತ್ತು ದಿನದ ಕಥೆಯನ್ನು ಅತ್ತಿಗೆಯೇ ಹೇಳಿದಳು. ಡಾಕ್ಟರು ಅದನ್ನು ಬರೆದುಕೊಂಡರು. ಮೊದಲ ಕೆಲವು ವಾರ ಇವಳನ್ನು ಒಂಟಿಯಾಗಿ ಬಿಡಬೇಡಿ, ಚಡಪಡಿಕೆ ಹೆಚ್ಚಾದರೆ, ಸಾಯುವ ಮಾತು ಬಂದರೆ ಆ ಕ್ಷಣವೇ ಬನ್ನಿ, ನಾವು ಹೇಳುವವರೆಗೆ ವ್ಯಾನು ಮುಟ್ಟುವುದು ಬೇಡ ಎಂದರು. ವಾರಕ್ಕೊಮ್ಮೆ ಬಂದು ಮಾತಾಡಲು ಒಬ್ಬ ಸಲಹೆಗಾರರನ್ನೂ ಗೊತ್ತು ಮಾಡಿದರು.

ಮೂರನೆಯ ವಾರ ನಾದಿನಿ ತಲೆಗೆ ನೀರು ಹಾಕಿಕೊಂಡಳು. ಅತ್ತಿಗೆಗೆ ಅದೇ ದೊಡ್ಡ ಸುದ್ದಿ. ಮಧ್ಯಾಹ್ನ ಟವೆಲ್ ಸುತ್ತಿಕೊಂಡು ಮೆಷಿನ್ನಿನ ಪಕ್ಕ ಕೂತವಳು ಸ್ವಲ್ಪ ಹೊತ್ತು ದಾರದ ಉಂಡೆ ಹೊರಳಿಸುತ್ತಿದ್ದು ಹೇಳಿದಳು:

"ಅತ್ತಿಗೆ, ಮನಸ್ಸು ಒಂದು ಚೂರು ಪರವಾಗಿಲ್ಲ. ಆದ್ರೆ ಮಧ್ಯಾಹ್ನದವರೆಗೂ ಕಣ್ಣು ಎಳೀತಾನೇ ಇರುತ್ತೆ. ಹಿಂಗಿದ್ರೆ ಮಕ್ಕಳನ್ನ ಹೆಂಗೆ ಕೂರಿಸ್ಕೊಂಡು ಹೋಗ್ಲಿ? ಮಾತ್ರೆ ಬಿಟ್ಬಿಡ್ಲಾ?"

ಅತ್ತಿಗೆ ಮೆಷಿನ್ ನಿಲ್ಲಿಸಿದಳು. ಅರ್ಧ ಹೊಲಿದ ಪ್ಯಾಂಟನ್ನು ಸೂಜಿಯಲ್ಲೇ ಬಿಟ್ಟು ಎದ್ದು ಚಪ್ಪಲಿ ಮೆಟ್ಟಿದಳು. ಒದ್ದೆ ಕೂದಲಿನ ನಾದಿನಿಯ ಕೈ ಹಿಡಿದು ಆಸ್ಪತ್ರೆಯ ದಾರಿ ಹಿಡಿದಳು. ದಾರಿಯುದ್ದಕ್ಕೂ ಅತ್ತಿಗೆಯ ಕಣ್ಣಿಂದ ನೀರು ಹರಿಯುತ್ತಿತ್ತು. ಒಬ್ಬರಿಗೆ ಮಾಡಲಾಗದ್ದನ್ನು ಇನ್ನೊಬ್ಬರಿಗೆ ಮಾಡುವಾಗ ಸಮಾಧಾನವೂ ಸಂಕಟವೂ ಒಟ್ಟಿಗೇ ಬರುತ್ತವೆ.

ಡಾಕ್ಟರು ಆ ಮಾತ್ರೆಯನ್ನು ಒಮ್ಮೆಗೇ ಬಿಡಿಸಲಿಲ್ಲ. ಮೆಲ್ಲಗೆ ಇಳಿಸಿ, ಅಷ್ಟು ತೂಕಡಿಕೆ ತರದ ಇನ್ನೊಂದಕ್ಕೆ ಬದಲಾಯಿಸಿದರು. ಅದು ಹಿಡಿಯಲು ಮತ್ತೆ ಒಂದೂವರೆ ತಿಂಗಳು ಬೇಕಾಯಿತು. ನಡುವೆ ನಾದಿನಿ ಅತ್ತ ದಿನಗಳೂ ಇದ್ದವು, ಗೋಡೆಗೆ ಮುಖ ಮಾಡಿದ ದಿನಗಳೂ ಇದ್ದವು.

ಡಾಕ್ಟರು ಒಪ್ಪಿಗೆ ಕೊಟ್ಟ ಮೇಲೆ ಈಗ ವ್ಯಾನು ಬೆಳಿಗ್ಗೆ ಆರೂವರೆಗೆ ಹೊರಡುತ್ತದೆ. ಗಾಜಿನ ಮೇಲಿನ ಬೆಕ್ಕನ್ನು ಒರೆಸಿದ ದಿನ ಓಣಿಯ ಮಕ್ಕಳು ಅವಳೊಡನೆ ಜಗಳವಾಡಿದರಂತೆ. ಚೆನ್ನಾಗಿದ್ದೇನೆ ಅನ್ನಿಸಿದರೂ ಇನ್ನೂ ಕೆಲವು ತಿಂಗಳು ಮಾತ್ರೆ ಬಿಡುವಂತಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಅಳತೆಗೋಲಿನ ಕೊನೆಯ ಬೋರ್ಡು ಹೊಲಿಗೆ ಮೆಷಿನ್ನಿನ ಎದುರಿನ ಗೋಡೆಯಲ್ಲಿದೆ. ಗೆರೆ ನೆಟ್ಟಗಿಲ್ಲವಲ್ಲ ಎಂದು ಗಿರಾಕಿಗಳು ಕೇಳಿದರೆ ಅತ್ತಿಗೆ ಕೆಲಸ ನಿಲ್ಲಿಸಿ ಈ ಕಥೆಯನ್ನೆಲ್ಲ ಹೇಳುತ್ತಾಳೆ.

ಓದಿದವರೇ, ಕೇಳಿದವರೇ, ನಿಮ್ಮ ಮನೆಯಲ್ಲೂ ಯಾರಾದರೂ ಮನಸ್ಸಿನ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಿರಬಹುದು. ಅವರ ಕೆಲಸ, ಅವರ ನಿದ್ದೆ, ಅವರ ಬೇರೆ ಕಾಯಿಲೆ, ಎಲ್ಲವನ್ನೂ ಡಾಕ್ಟರಿಗೆ ಹೇಳಿ. ಒಗ್ಗದಿದ್ದರೆ ಮುಚ್ಚಿಡಬೇಡಿ, ನೀವಾಗಿಯೇ ನಿಲ್ಲಿಸಬೇಡಿ, ಬೇರೆಯವರದನ್ನು ನುಂಗಬೇಡಿ. ಮೊದಲನೆಯದು ಹಿಡಿಯಲಿಲ್ಲವೆಂದರೆ ದಾರಿ ಮುಗಿಯಿತು ಎಂದಲ್ಲ. ಬದುಕು ಬೇಡ ಎನ್ನಿಸಿದರೆ ಇವತ್ತೇ, ಈಗಲೇ ಯಾರಿಗಾದರೂ ಹೇಳಿ, ಹತ್ತಿರದ ಆಸ್ಪತ್ರೆಗೆ ಹೋಗಿ.

ಮಾತ್ರೆ ತಗೊಂಡ್ಯಾ ಎಂದು ನಾವೆಲ್ಲ ಕೇಳುತ್ತೇವೆ. ತಗೊಂಡ್ರೆ ಹೇಗಾಗುತ್ತೆ ಎಂದೂ ಕೇಳಿ. ಅಳತೆಗೋಲನ್ನು ಯಾರೂ ಆ ಎರಡನೆಯ ಮಾತು ಕೇಳಿರಲಿಲ್ಲ.